ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ? ಹಿರಿಯರ ವಸತಿ ಆರೈಕೆ ನಡೆಯುವ ಬಗೆ

2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಒಂದು ಸೂಚನೆ ಕೊಟ್ಟರು. ವಯಸ್ಸಾದ ತಂದೆ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ತಿರುಗಿಯೂ ನೋಡದ ಮಕ್ಕಳ ಮೇಲೆ ದೂರು ಕೊಡಿ, ಅವರ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದಾಗುವಂತೆ ಕ್ರಮ ತೆಗೆದುಕೊಳ್ಳಿ ಎಂದರು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣ ಇವೆ ಎಂಬ ಮಾತು ಆಗ ಹೊರಬಂತು.

ಓದಿದವರೆಲ್ಲ ಮಕ್ಕಳನ್ನು ಬೈದರು. ಬೈಯುವಂಥದ್ದೇ. ಆದರೆ ಚಿಕಿತ್ಸೆ ಮುಗಿದಿದೆ, ಎದ್ದು ಓಡಾಡಲು ಆಗುತ್ತಿಲ್ಲ, ಮನೆಯಲ್ಲಿ ಹಗಲು ಹೊತ್ತು ಯಾರೂ ಇರುವುದಿಲ್ಲ ಅನ್ನುವ ಹಿರಿಯರು ಎಲ್ಲಿಗೆ ಹೋಗಬೇಕು? ಆಸ್ಪತ್ರೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆಗೂ ಮನೆಗೂ ನಡುವೆ ಒಂದು ಜಾಗ ಬೇಕು. ಅಲ್ಲೇ ಉಳಿದು, ಊಟ, ಸ್ನಾನ, ಔಷಧಿ ಎಲ್ಲಕ್ಕೂ ಸಹಾಯ ಸಿಗುವ ಜಾಗ. ಅದನ್ನೇ ವಸತಿ ಆರೈಕೆ ಎನ್ನುತ್ತಾರೆ. ಅದು ಹೇಗೆ ನಡೆಯುತ್ತದೆ, ಯಾಕೆ ಅಷ್ಟು ದುಡ್ಡು, ಕಾನೂನು ಏನು ಹೇಳುತ್ತದೆ ಎನ್ನುವುದು ಬೇಕಾಗುವ ದಿನ ಬರುವವರೆಗೂ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕೋಲಾರದಂಥ ಕಡೆ ಈಗ ಯಾಕೆ ಈ ಮಾತು

2011ರ ಜನಗಣತಿಯಲ್ಲಿ ದೇಶದ 100 ಜನರಲ್ಲಿ 60 ದಾಟಿದವರು 8.6. ಕರ್ನಾಟಕದಲ್ಲಿ 9.5. ಸರ್ಕಾರದ ಅಂದಾಜಿನಂತೆ 2031ರ ಹೊತ್ತಿಗೆ ದೇಶದಲ್ಲಿ ಇದು 13 ದಾಟುತ್ತದೆ. 2050ಕ್ಕೆ 20 ಆಗುತ್ತದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರ ವರದಿಯಲ್ಲಿ ಹೇಳಿದೆ. ಅಂದರೆ ಐವರಲ್ಲಿ ಒಬ್ಬರು.

ಕಾರಣ ಎರಡು. ಜನ ಜಾಸ್ತಿ ವರ್ಷ ಬದುಕುತ್ತಿದ್ದಾರೆ, ಮಕ್ಕಳು ಕಡಿಮೆ ಹುಟ್ಟುತ್ತಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಐದಾರು ಮಕ್ಕಳಿದ್ದ ಅಜ್ಜಿಯನ್ನು ಸರದಿ ಮೇಲೆ ನೋಡಿಕೊಳ್ಳಬಹುದಿತ್ತು. ಇಬ್ಬರೇ ಮಕ್ಕಳು, ಅವರಲ್ಲಿ ಒಬ್ಬರು ದೂರದಲ್ಲಿ ಅಂದಾಗ ಸರದಿ ಎನ್ನುವುದೇ ಉಳಿಯುವುದಿಲ್ಲ.

ಕೋಲಾರದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಬಂಗಾರಪೇಟೆ, ಮಾಲೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿದವರು ಬೆಂಗಳೂರಿನಲ್ಲಿ ದುಡಿದು ರಾತ್ರಿಗೆ ಮನೆ ಸೇರುತ್ತಾರೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳೂ ಶಿಫ್ಟ್ ಮೇಲೆ ಕೆಲಸ ಮಾಡುತ್ತಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿ ದುಡಿದವರು ಈಗ ವಯಸ್ಸಾಗಿ ಅದೇ ಕಾಲೋನಿಗಳಲ್ಲಿದ್ದಾರೆ, ಮಕ್ಕಳ ಕೆಲಸ ಬೆಂಗಳೂರಿನಲ್ಲಿದೆ. ಹಿಂದೆ ಮನೆಯ ಹಿರಿಯರನ್ನು ನೋಡಿಕೊಂಡದ್ದು ಬಹುತೇಕ ಸೊಸೆ, ಹೆಂಡತಿ, ಮಗಳು. ಸಂಬಳ ಇಲ್ಲದ ಆ ಕೆಲಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರು ಹೊರಗೆ ದುಡಿಯಲು ಹೋದ ಮೇಲೆ ಅದು ಎಷ್ಟು ದೊಡ್ಡ ಕೆಲಸವಾಗಿತ್ತು ಅನ್ನೋದು ಕಾಣುತ್ತಿದೆ.

ಎಷ್ಟು ಸಹಾಯ ಬೇಕು? ಆರು ಪ್ರಶ್ನೆ

ಯಾವ ಆಶ್ರಮ ಒಳ್ಳೆಯದು ಎಂದು ಹುಡುಕುವ ಮೊದಲು ಅಪ್ಪನಿಗೋ ಅಮ್ಮನಿಗೋ ಎಷ್ಟು ಸಹಾಯ ಬೇಕು ಎಂದು ಅಳೆಯಬೇಕು. ಇದಕ್ಕೆ ವೈದ್ಯರು ಬಳಸುವ ಒಂದು ಸುಲಭ ಪಟ್ಟಿ ಇದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ತಂಡ 1963ರಲ್ಲಿ ಪ್ರಕಟಿಸಿದ್ದು. ಆರು ಕೆಲಸಗಳನ್ನು ನೋಡುತ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಮೇಲೆ ಹಿಡಿತ, ತಟ್ಟೆಯಿಂದ ತಾವೇ ಊಟ ಮಾಡುವುದು.

ಸಾಮಾನ್ಯವಾಗಿ ಮೊದಲು ಕೈ ಬಿಡುವುದು ಸ್ನಾನ. ಕೊನೆಗೆ ಊಟ. ಆರೂ ಆಗುತ್ತದೆ, ಆದರೆ ಅಡುಗೆ, ಬ್ಯಾಂಕು, ಮಾತ್ರೆಯ ಲೆಕ್ಕ ಆಗುತ್ತಿಲ್ಲ ಅನ್ನುವವರಿಗೆ ಬೇಕಾದದ್ದು ಬೇರೆ. ಎರಡು ಮೂರು ಆಗುತ್ತಿಲ್ಲ ಅನ್ನುವವರಿಗೆ ಬೇಕಾದದ್ದು ಬೇರೆ. ಒಂದು ವಾರ ಸುಮ್ನೆ ಗಮನಿಸಿ ಬರೆದಿಡಿ. ಕೇಳಿದರೆ ಹಿರಿಯರು ಎಲ್ಲ ಆಗುತ್ತೆ ಎನ್ನುತ್ತಾರೆ. ನೋಡಿದರೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿರುತ್ತಾರೆ.

ಯಾವ ಬಗೆಯ ಮನೆಗಳಿವೆ

ಉಚಿತ ವೃದ್ಧಾಶ್ರಮಗಳು ಬಡವರಿಗೆ, ಯಾರೂ ಇಲ್ಲದವರಿಗೆ. ಟ್ರಸ್ಟು, ಮಠ, ಚರ್ಚು, ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ. ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಇಂಥ ಮನೆಗಳಿಗೆ ಅನುದಾನವಿದೆ. ಊಟ, ವಸತಿ, ಸಾಮಾನ್ಯ ಚಿಕಿತ್ಸೆ ಉಚಿತ. ಆದರೆ ಅನೇಕ ಕಡೆ ಒಂದು ಷರತ್ತು ಇರುತ್ತದೆ: ಸೇರುವವರು ತಮ್ಮ ಕೆಲಸ ತಾವು ಮಾಡಿಕೊಳ್ಳಬೇಕು. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವುದಿಲ್ಲ. ಬಡವರಿಗೆ ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದಲೇ.

ಹಣ ಕಟ್ಟುವ ಮನೆಗಳಲ್ಲಿ ಮೂರು ಹಂತ. ಓಡಾಡಿಕೊಂಡು ಇರುವವರಿಗೆ ರೂಮು, ಊಟ, ಸ್ವಚ್ಛತೆ ಮಾತ್ರ ಕೊಡುವ ಮನೆ ಒಂದು. ಸ್ನಾನಕ್ಕೆ, ಬಟ್ಟೆಗೆ, ಮಾತ್ರೆಗೆ ಕೈ ಕೊಡುವ ಮನೆ ಇನ್ನೊಂದು. ಮೂಗಿನ ಪೈಪು, ಮೂತ್ರದ ಪೈಪು, ಗಾಯದ ಡ್ರೆಸಿಂಗು ಎಲ್ಲ ನೋಡಿಕೊಳ್ಳುವ, ನರ್ಸ್ ಇರುವ ಮನೆ ಮೂರನೆಯದು. ಬೋರ್ಡಿನ ಮೇಲೆ ಮೂರಕ್ಕೂ ಒಂದೇ ಥರದ ಹೆಸರು ಇರಬಹುದು. ಹಾಗಾಗಿ ಹೆಸರು ನೋಡಬೇಡಿ. ನಿಮ್ಮ ಆರು ಪ್ರಶ್ನೆಯ ಪಟ್ಟಿ ಮುಂದಿಟ್ಟು, ಇದರಲ್ಲಿ ಯಾವುದನ್ನು ಮಾಡುತ್ತೀರಿ ಎಂದು ಕೇಳಿ.

ಗುಣವಾಗದ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿ ಇರುವವರಿಗೆ ನೋವು ಕಡಿಮೆ ಮಾಡುವ ಆರೈಕೆ ಬೇಕು. ಬೆಂಗಳೂರಿನ ಕರುಣಾಶ್ರಯ 1999ರಿಂದ ಇದನ್ನು ಉಚಿತವಾಗಿ ಮಾಡುತ್ತಿದೆ. ಹಗಲು ಮಾತ್ರ ನೋಡಿಕೊಂಡು ಸಂಜೆ ಮನೆಗೆ ಕಳಿಸುವ ಹಗಲು ಆರೈಕೆ ಕೇಂದ್ರಗಳೂ ಇವೆ. ರಾತ್ರಿ ಮನೆಯಲ್ಲಿ ಜನ ಇರುವ ಕುಟುಂಬಕ್ಕೆ ಅಷ್ಟೇ ಸಾಕಾಗಬಹುದು.

ದುಡ್ಡು ಯಾಕೆ ಇಷ್ಟು: 168 ಗಂಟೆಯ ಲೆಕ್ಕ

ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರರು ನ್ಯಾಯವಾಗಿ ದುಡಿಯುವುದು 48 ಗಂಟೆ. ಭಾಗಿಸಿ ನೋಡಿ, ಮೂರೂವರೆ ಬರುತ್ತದೆ. ರಜೆ, ಜ್ವರ, ಹಬ್ಬ ಸೇರಿಸಿದರೆ ನಾಲ್ಕು. ಅಂದರೆ ಹಗಲೂ ರಾತ್ರಿ ಒಬ್ಬ ಆಯಾ ಎಚ್ಚರವಾಗಿ ಜೊತೆಯಲ್ಲಿರಬೇಕು ಅಂದರೆ ನಾಲ್ಕು ಜನರಿಗೆ ಸಂಬಳ ಕೊಡಬೇಕು. ಒಬ್ಬರಿಗೆ ತಿಂಗಳಿಗೆ 15,000 ರೂಪಾಯಿ ಎಂದು ಇಟ್ಟುಕೊಂಡರೆ 60,000 ರೂಪಾಯಿ ಆಯಿತು. ಮನೆಗೆ ಬಂದು ಉಳಿಯುವ ಒಬ್ಬರೇ ಆಯಾ ಇದನ್ನೆಲ್ಲ ಮಾಡುತ್ತಾರೆ ಎಂದುಕೊಂಡರೆ ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಇಲ್ಲವೇ ಅಜ್ಜಿಯನ್ನು ರಾತ್ರಿ ಯಾರೂ ನೋಡುತ್ತಿಲ್ಲ.

ನಮ್ಮ ಕಡೆ ಒಂಟಿ ರೈತ ಸಾವಿರ ಅಡಿ ಬೋರ್‌ವೆಲ್ ಕೊರೆಸಲು ಹೋದರೆ ಮುಳುಗುತ್ತಾನೆ. ನಾಲ್ಕು ಹೊಲದವರು ಸೇರಿ ಕೊರೆಸಿದರೆ ಖರ್ಚು ಹಂಚಿಹೋಗುತ್ತದೆ, ನೀರು ಮಾತ್ರ ಸರದಿ ಮೇಲೆ ಸಿಗುತ್ತದೆ. ವಸತಿ ಆರೈಕೆಯ ಲೆಕ್ಕವೂ ಅದೇ. ಆ ನಾಲ್ಕು ಜನರ ಸಂಬಳವನ್ನು ಹತ್ತು ಹಿರಿಯರು ಹಂಚಿಕೊಂಡರೆ ತಲೆಗೆ 6,000 ರೂಪಾಯಿ. ಐದು ಹಿರಿಯರು ಹಂಚಿಕೊಂಡರೆ 12,000. ಇದರ ಮೇಲೆ ಊಟ, ಬಾಡಿಗೆ, ನರ್ಸ್ ಸಂಬಳ, ಬಟ್ಟೆ ಒಗೆಯುವುದು, ಕರೆಂಟು. ಡೈಪರ್ ಸಾಮಾನ್ಯವಾಗಿ ಬೇರೆ. ಒಂದಕ್ಕೆ 40 ರೂಪಾಯಿ ಎಂದು ಹಿಡಿದು ದಿನಕ್ಕೆ ಮೂರು ಬಳಸಿದರೂ ತಿಂಗಳಿಗೆ 3,600.

ಈ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟು ಹಿರಿಯರಿಗೆ ಒಬ್ಬ ಆಯಾ ಎನ್ನುವ ಒಂದು ಸಂಖ್ಯೆಯೇ ದರವನ್ನೂ ಗುಣಮಟ್ಟವನ್ನೂ ಅರ್ಧಕ್ಕಿಂತ ಜಾಸ್ತಿ ತೀರ್ಮಾನಿಸುತ್ತದೆ. ದರ ತೀರಾ ಕಡಿಮೆ ಇದ್ದು, ದಾನದ ಆಸರೆಯೂ ಇಲ್ಲ ಅಂದರೆ ಎಲ್ಲೋ ಒಂದು ಪಾಳಿ ಕಡಿತ ಆಗಿದೆ ಎಂದೇ ಅರ್ಥ. ಕಡಿತ ಆಗುವುದು ಬಹುತೇಕ ರಾತ್ರಿ ಪಾಳಿ, ಯಾಕಂದರೆ ನೋಡಲು ಬರುವ ಮಕ್ಕಳು ಬರುವುದು ಹಗಲು ಹೊತ್ತು. ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಜಾಸ್ತಿ ಇರುವುದೋ, ರಾತ್ರಿ ಮೂತ್ರಕ್ಕೆ ಎದ್ದಾಗ. ಕತ್ತಲು, ನಿದ್ದೆಗಣ್ಣು, ಬಿಪಿ ಮಾತ್ರೆಯಿಂದ ಎದ್ದು ನಿಂತ ಕೂಡಲೇ ಬರುವ ತಲೆಸುತ್ತು, ಒದ್ದೆ ನೆಲ. ನಾಲ್ಕೂ ಒಟ್ಟಿಗೆ ಸೇರುವ ಹೊತ್ತು ಅದು.

ಹಾಸಿಗೆ ಹಿಡಿದವರ ಆರೈಕೆ ಅಂದರೆ ನಿಜಕ್ಕೂ ಏನು

ಒಳ್ಳೆ ಆರೈಕೆ, ಕೆಟ್ಟ ಆರೈಕೆ ಎರಡರ ನಡುವಿನ ವ್ಯತ್ಯಾಸ ಜಾಸ್ತಿ ಕಾಣುವುದು ಹಾಸಿಗೆ ಹುಣ್ಣಿನಲ್ಲಿ. ಹೊರಳಲು ಆಗದವರು ಒಂದೇ ಕಡೆ ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹೋಗುತ್ತದೆ. ರಕ್ತ ಓಡುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನಿಂದ ಮಾಂಸ ಸಾಯಲು ಶುರುವಾಗುತ್ತದೆ. ಬೆನ್ನಿನ ಕೆಳಗಿನ ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ ಮೊದಲು ಹೋಗುವ ಜಾಗಗಳು. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ, ಸುತ್ತಲಿಗಿಂತ ಕಪ್ಪಾಗಿ ಇದೆಯೇ ಎಂದು ಮುಟ್ಟಿ ನೋಡಬೇಕು.

ತಡೆಯುವ ದಾರಿ ಸರಳ, ಆದರೆ ಕೈ ಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ದಿನಕ್ಕೆ ಹನ್ನೆರಡು ಸಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೇ ನಾಲ್ಕು ಸಲ. ಎಳೆದಾಡಿದರೆ ಚರ್ಮ ಕಿತ್ತುಬರುತ್ತದೆ, ಆದ್ದರಿಂದ ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ಎತ್ತಿ ತಿರುಗಿಸುವುದು ಸರಿಯಾದ ಕ್ರಮ. ಗಾಳಿ ಹಾಸಿಗೆ ಸಹಾಯ ಮಾಡುತ್ತದೆ, ಆದರೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಒದ್ದೆ ಡೈಪರ್ ಹಾಗೇ ಬಿಟ್ಟರೆ ಚರ್ಮ ಮೆತ್ತಗಾಗಿ ಹುಣ್ಣು ಬೇಗ ಆಗುತ್ತದೆ. ಒಳ್ಳೆ ಮನೆಗಳಲ್ಲಿ ಯಾವ ಗಂಟೆಗೆ ಯಾವ ಮಗ್ಗುಲು ಎಂದು ಹಾಸಿಗೆ ಪಕ್ಕ ಒಂದು ಚಾರ್ಟ್ ತೂಗುಹಾಕಿರುತ್ತಾರೆ.

ಊಟ ಇನ್ನೊಂದು. ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಕಡಿಮೆಯಾಗಿರುತ್ತದೆ. ಮಲಗಿಸಿಕೊಂಡು ತಿನ್ನಿಸಿದರೆ ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಒಬ್ಬರಿಗೆ ಹೀಗೆ ತಿನ್ನಿಸಲು ಅರ್ಧ ಗಂಟೆ ಹಿಡಿಯಿತು ಅಂದರೆ, ಒಬ್ಬ ಆಯಾ ಊಟದ ಹೊತ್ತಿನಲ್ಲಿ ಎಷ್ಟು ಜನರಿಗೆ ತಿನ್ನಿಸಬಹುದು ಎಂದು ನೀವೇ ಲೆಕ್ಕ ಹಾಕಿ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಕೇಳಲಿ ಎಂದು ಕಾದರೆ ಅವರು ನೀರು ಕೇಳುವುದೇ ಇಲ್ಲ. ನೀರು ಕಡಿಮೆಯಾದರೆ ಮೂತ್ರದ ಸೋಂಕು ಸುಲಭವಾಗಿ ಬರುತ್ತದೆ. ನಿನ್ನೆವರೆಗೂ ಸರಿಯಾಗಿ ಮಾತಾಡುತ್ತಿದ್ದ ತಾತ ಇವತ್ತು ಏನೇನೋ ಬಡಬಡಿಸಿದರೆ ವಯಸ್ಸಾಯ್ತು ಎಂದು ಬಿಡುವಂತಿಲ್ಲ. ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ ಇವೆಲ್ಲ ಕಾರಣ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಹೊತ್ತಿಗೆ ಸರಿಯಾಗಿ ಕಾರಣ ಹಿಡಿದರೆ ಬಹಳಷ್ಟು ಸಲ ಮತ್ತೆ ಸರಿಹೋಗುತ್ತದೆ.

ಮರೆವಿನ ಕಾಯಿಲೆ: ಶ್ರೀನಿವಾಸಪುರ ಕಲಿಸುತ್ತಿರುವುದು

ದೇಶದ ಹಿರಿಯರ ದೊಡ್ಡ ಸಮೀಕ್ಷೆಯೊಂದರ ಆಧಾರದಲ್ಲಿ 2023ರಲ್ಲಿ ಬಂದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇಕಡ 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಸುಮಾರು 88 ಲಕ್ಷ ಜನ. ಕೀಲಿಕೈ ಎಲ್ಲಿಟ್ಟೆ ಎಂದು ಹುಡುಕುವುದು ಸಾಮಾನ್ಯ ಮರೆವು. ಕೀಲಿಕೈ ಯಾತಕ್ಕೆ ಎಂಬುದೇ ತಿಳಿಯದಿರುವುದು ಕಾಯಿಲೆ.

ಇದರ ಬಗ್ಗೆ ದೇಶದ ಮುಖ್ಯ ಅಧ್ಯಯನವೊಂದು ನಮ್ಮ ಜಿಲ್ಲೆಯಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸಿ ಪರೀಕ್ಷಿಸುತ್ತಿದೆ. ಗುರಿ 10,000 ಜನ. ಮಾವಿನ ತೋಟದಲ್ಲಿ ದುಡಿದವರ ಮೆದುಳಿಗೆ ವಯಸ್ಸಾಗುವ ಬಗೆಯನ್ನು ಇಷ್ಟು ವಿವರವಾಗಿ ನೋಡುವ ಕೆಲಸ ಹಿಂದೆ ಆಗಿದ್ದು ಕಡಿಮೆ. ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ರಾಜ್ಯ ಸರ್ಕಾರ ಪ್ರಾಯೋಗಿಕವಾಗಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲೂ ಕೋಲಾರ, ಚಿಕ್ಕಬಳ್ಳಾಪುರ ಇದ್ದವು.

ಡಿಮೆನ್ಷಿಯಾ ಇರುವವರನ್ನು ಸಾಮಾನ್ಯ ಆಶ್ರಮಕ್ಕೆ ಸೇರಿಸುವ ಮುಂಚೆ ಸ್ವಲ್ಪ ಯೋಚಿಸಬೇಕು. ಸಂಜೆಯಾದಂತೆ ಅವರಲ್ಲಿ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ, ಮನೆಗೆ ಹೋಗಬೇಕು ಎಂದು ಬಾಗಿಲಿಗೆ ಬರುತ್ತಾರೆ. ತಿಳಿಯದ ಸಿಬ್ಬಂದಿ ಗದರುತ್ತಾರೆ, ಕಟ್ಟಿಹಾಕುತ್ತಾರೆ. ತರಬೇತಿ ಇದ್ದವರು ಜೊತೆಗೆ ಎರಡು ಸುತ್ತು ನಡೆದು ಬರುತ್ತಾರೆ. ಇನ್ನೊಂದು ಸಂಗತಿ ಕೋಲಾರದವರಿಗೆ ತುಂಬಾ ಮುಖ್ಯ. ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿಯ ಭಾಷೆ ಉಳಿಯುವುದು ಅನೇಕರಲ್ಲಿ ಕಾಣುತ್ತದೆ. ಮುಳಬಾಗಿಲಿನ ತೆಲುಗು ಮನೆಯ ಅಜ್ಜಿ, ಕೆಜಿಎಫ್‌ನ ತಮಿಳು ತಾತ, ಜೀವನವಿಡೀ ಕನ್ನಡ ಮಾತಾಡಿದ್ದರೂ ಕೊನೆಗೆ ತೆಲುಗಿನಲ್ಲೋ ತಮಿಳಿನಲ್ಲೋ ನೀರು ಕೇಳಬಹುದು. ಆ ಪಾಳಿಯಲ್ಲಿ ಆ ಮಾತು ಬಲ್ಲವರು ಇದ್ದಾರಾ ಎಂದು ಕೇಳಲೇಬೇಕು.

ಕಾನೂನು ಏನು ಹೇಳುತ್ತದೆ

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ತಮ್ಮ ದುಡಿಮೆ, ಆಸ್ತಿಯಿಂದ ಬದುಕಲಾಗದ ತಂದೆ ತಾಯಿ ಮಕ್ಕಳಿಂದ, ವಯಸ್ಕ ಮೊಮ್ಮಕ್ಕಳಿಂದ ಪೋಷಣೆ ಕೇಳಬಹುದು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಯಿಂದ ಕೇಳಬಹುದು. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ವಕೀಲರು ಬೇಕಿಲ್ಲ. ನೋಟಿಸ್ ಜಾರಿಯಾದ 90 ದಿನದಲ್ಲಿ ತೀರ್ಮಾನ ಆಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಕಾಯ್ದೆಯ ಪ್ರಕಾರ ತಿಂಗಳಿಗೆ ಗರಿಷ್ಠ 10,000 ರೂಪಾಯಿ. ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಹಾಸಿಗೆ ಹಿಡಿದವರ ಆರೈಕೆಗೆ ಇದು ಸಾಲುವುದಿಲ್ಲ.

ಪೂರ್ತಿ ಕೈಬಿಡುವ ಉದ್ದೇಶದಿಂದ ಹಿರಿಯರನ್ನು ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಪ್ಪಿಗೆ ಪಡೆದು ಒಂದು ಮನೆಗೆ ಸೇರಿಸಿ, ಖರ್ಚು ಕೊಟ್ಟು, ಹೋಗಿ ಬಂದು ಮಾಡುವವರು ಇದರಲ್ಲಿ ಬರುವುದಿಲ್ಲ. ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಂಜಿಕೆಯಲ್ಲಿ ಅನೇಕ ಮಕ್ಕಳು ಈ ಎರಡನ್ನೂ ಒಂದೇ ಎಂದುಕೊಂಡು ನರಳುತ್ತಾರೆ.

ಆಸ್ತಿಯ ವಿಷಯ ಎಚ್ಚರಿಕೆಯದು. ಕೈಗಾರಿಕೆ ಬಂದ ಮೇಲೆ ನಮ್ಮ ಕಡೆ ನೆಲದ ಬೆಲೆ ಏರಿದೆ, ದಾನಪತ್ರಗಳೂ ಆಗುತ್ತಿವೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ರದ್ದು ಮಾಡಬಹುದು. ಆದರೆ ಷರತ್ತು ಇದ್ದದ್ದು ಗೊತ್ತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿತು. ಬರೆದುಕೊಡುವವರು ಷರತ್ತನ್ನು ಪತ್ರದೊಳಗೇ ಸ್ಪಷ್ಟವಾಗಿ ಬರೆಸಿದರೆ ಈ ವಾದಕ್ಕೇ ಜಾಗ ಇರುವುದಿಲ್ಲ.

ಇದೇ ಕಾಯ್ದೆಯಲ್ಲಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿದೆ. ಸ್ಥಾಪಿಸಲೇಬೇಕು ಎಂದಿಲ್ಲ.

ನೋಡಲು ಹೋದಾಗ

ಹೇಳದೆ ಕೇಳದೆ ಹೋಗಿ. ಸಂಜೆ ಆರರ ಮೇಲೆ ಒಮ್ಮೆ, ಭಾನುವಾರ ಒಮ್ಮೆ. ಬಾಗಿಲಲ್ಲೇ ಮೂತ್ರದ ವಾಸನೆ ಹೊಡೆಯುತ್ತಿದೆಯಾ? ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ, ನೆಲ ಜಾರುತ್ತಾ? ಹಾಸಿಗೆಯಿಂದ ಕೈಗೆಟುಕುವಲ್ಲಿ ಬೆಲ್ ಇದೆಯಾ? ಇದ್ದರೆ ಒತ್ತಿ ನೋಡಿ, ಎಷ್ಟು ಹೊತ್ತಿಗೆ ಜನ ಬರುತ್ತಾರೆ. ಅಲ್ಲಿರುವ ಹಿರಿಯರ ಉಗುರು ನೋಡಿ. ಉಗುರು ಕತ್ತರಿಸಲು ಪುರುಸೊತ್ತಿರುವ ಕಡೆ ಬೇರೆ ಕೆಲಸಕ್ಕೂ ಪುರುಸೊತ್ತು ಇರುತ್ತದೆ. ರಾತ್ರಿ ಎಚ್ಚರ ಇರುವವರು ಎಷ್ಟು ಜನ, ಅವರ ಹೆಸರೇನು ಎಂದು ಕೇಳಿ. ಹೆಸರು ಹೇಳಲು ತಡವರಿಸಿದರೆ ಅದೇ ಉತ್ತರ.

ಕರಾರು ಪತ್ರದಲ್ಲಿ ಅಡ್ವಾನ್ಸ್ ವಾಪಸ್ ಬರುತ್ತದೆಯೇ, ಆಸ್ಪತ್ರೆಗೆ ಸೇರಿಸಿದಾಗ ಜೊತೆಯಲ್ಲಿ ಕೂರುವವರು ಯಾರು, ಈಗ ಓಡಾಡುವವರು ಮುಂದೆ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೆಯೇ ಎಂಬುದು ಬರವಣಿಗೆಯಲ್ಲಿ ಇರಲಿ. ಬಾಯಿಮಾತು ಸಾಲದು.

ಹೋಗಬೇಕಾದವರು ಹಿರಿಯರು. ಅವರನ್ನೂ ಕರೆದುಕೊಂಡು ಹೋಗಿ ತೋರಿಸಬೇಕು, ಅಲ್ವಾ? ಆಸ್ಪತ್ರೆಗೆ ಹೋಗೋಣ ಎಂದು ಸುಳ್ಳು ಹೇಳಿ ಬಿಟ್ಟುಬಂದರೆ ಆ ನೋವು ಮಾಸುವುದಿಲ್ಲ. ಎರಡು ವಾರ ಇದ್ದು ನೋಡುವ ವ್ಯವಸ್ಥೆ ಇದ್ದರೆ ಅದನ್ನೇ ಮೊದಲು ಮಾಡಿ.

ಎಲ್ಲಿ ಕೇಳಬೇಕು

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಉಚಿತ ಕರೆ. ಮಾಹಿತಿ, ಕಿರುಕುಳದ ದೂರು, ದಿಕ್ಕಿಲ್ಲದೆ ಬೀದಿಯಲ್ಲಿರುವವರ ಸುದ್ದಿ ಎಲ್ಲಕ್ಕೂ ಇದೇ. ಅನುದಾನದ ವೃದ್ಧಾಶ್ರಮಗಳ ವಿವರಕ್ಕೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಹೋಗಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಇದೆ, ಅರ್ಜಿ ನಾಡಕಚೇರಿಯಲ್ಲಿ. ಮನೆಯಲ್ಲೇ ನೋಡಿಕೊಳ್ಳುವವರಿಗೆ ಗೃಹ ಆರೋಗ್ಯ ಯೋಜನೆ ಉಪಯೋಗಕ್ಕೆ ಬರುತ್ತದೆ. ಮನೆಬಾಗಿಲಲ್ಲೇ ಬಿಪಿ, ಸಕ್ಕರೆ ನೋಡಿ ಔಷಧಿ ಕೊಡುವ ಈ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ.

ಸೇರಿಸುವ ದಿನ ಜೊತೆಯಲ್ಲಿ ಒಂದು ಹಾಳೆ ಬರೆದು ಕೊಡಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವುದಕ್ಕೆ ಅಲರ್ಜಿ, ಯಾವ ಭಾಷೆ, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಮುದ್ದೆ ಎಷ್ಟು ಮೆತ್ತಗಿರಬೇಕು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಕಾಫಿಗೆ ಸಕ್ಕರೆಯೋ ಬೆಲ್ಲವೋ.